ಒಂದೇ ಡಿಸ್ಕನ್ನು ಮೂರು ವಿಎಂಗೆ ಜೋಡಿಸಬೇಡಿ

ನಮಸ್ಕಾರ. ವಿರಾಜಪೇಟೆಯ ನಿಮ್ಮ ಎಸ್ಟೇಟ್ ಆಫೀಸಿನ ಒಂದೇ ಪ್ರಾಕ್ಸ್‌ಮಾಕ್ಸ್ ಸರ್ವರಿನಲ್ಲಿ (ಒಂದೇ ಯಂತ್ರದೊಳಗೆ ಹಲವು ವರ್ಚುವಲ್ ಕಂಪ್ಯೂಟರ್ ನಡೆಸುವ ತಂತ್ರಾಂಶ) ಮೂರು ಲಿನಕ್ಸ್ ವಿಎಂ, ಅಂದರೆ ವರ್ಚುವಲ್ ಕಂಪ್ಯೂಟರ್, ಇವೆ, ಕಾಫಿ ತೂಕದ ಚೀಟಿಗಳ ಸ್ಕ್ಯಾನ್ ಮೂರಕ್ಕೂ ಸಿಗಬೇಕು, ಅದಕ್ಕೆ ಒಂದೇ ವರ್ಚುವಲ್ ಡಿಸ್ಕ್ ಸಾಕೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಲಿನಕ್ಸ್‌ನಲ್ಲಿ ಡಿಸ್ಕಿನ ಫೈಲುಗಳನ್ನು ಜೋಡಿಸಿಡುವ ಇಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಮ್ ತನಗೆ ಒಬ್ಬನೇ ಯಜಮಾನ ಎಂದು ನಂಬಿ ನಡೆಯುತ್ತದೆ. ಒಂದು ವಿಎಂ ಬರೆದದ್ದು ಇನ್ನೊಂದಕ್ಕೆ ತಿಳಿಯುವುದಿಲ್ಲ, ಎರಡೂ ಬರೆಯಲು ಹೊರಟರೆ ಫೈಲ್ ಸಿಸ್ಟಮ್ಮೇ ಕೆಡುತ್ತದೆ. ನಾನು ಹೀಗೆಯೇ ಮನೆಯ ಫೋಟೋಗಳನ್ನು ಕಳೆದುಕೊಂಡೆ, ಆ ಸಂಕಟ ನಿಮಗೆ ಬೇಡ.

ಬದಲಿಗೆ ನೆಟ್‌ವರ್ಕ್ ಮೂಲಕ ಫೋಲ್ಡರ್ ಹಂಚುವ ಎನ್‌ಎಫ್‌ಎಸ್ ಬಳಸಿ. ಹೋಸ್ಟ್‌ನಲ್ಲಿ, ಅಂದರೆ ವಿಎಂಗಳನ್ನು ನಡೆಸುವ ಸರ್ವರಿನಲ್ಲಿ, ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಇದ್ದರೆ ಅಲ್ಲೇ ಒಂದು ಡೇಟಾಸೆಟ್ (ಅದರ ಪ್ರತ್ಯೇಕ ವಿಭಾಗ) ಮಾಡಿ ಹಂಚಿ. ನೆಟ್‌ವರ್ಕ್ ಕಾರ್ಡ್ ಸೇರಿಸದ ಪ್ರತ್ಯೇಕ ಬ್ರಿಡ್ಜ್ (ಸರ್ವರಿನೊಳಗಿನ ವರ್ಚುವಲ್ ಸ್ವಿಚ್) ಮಾಡಿ ಮೂರೂ ವಿಎಂಗೆ ಅದರಲ್ಲಿ ವಿಳಾಸ ಕೊಡಿ. ಫೈಲುಗಳ ಓಡಾಟ ಸರ್ವರಿನ ಒಳಗೇ ಉಳಿಯುತ್ತದೆ. ಎನ್‌ಎಫ್‌ಎಸ್ 4ಕ್ಕೆ ಫೈರ್‌ವಾಲ್‌ನಲ್ಲಿ 2049 ಪೋರ್ಟ್ ಒಂದೇ ತೆರೆದರೆ ಸಾಕು. ಹೆಚ್ಚಿನವರು ಎಡವುವುದು ಅನುಮತಿಯಲ್ಲಿ: ಸಾಮಾನ್ಯ ಹೊಂದಿಕೆಯಲ್ಲಿ ಬಳಕೆದಾರನ ಹೆಸರಲ್ಲ, ಸಂಖ್ಯೆ ಮುಖ್ಯ. ಮೂರೂ ಕಡೆ ಆ ಬಳಕೆದಾರನಿಗೆ ಒಂದೇ ಸಂಖ್ಯೆ, ಉದಾಹರಣೆಗೆ 1000, ಇರಲಿ. ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ಬರೆಯಲು ಬಿಡದಿದ್ದರೆ ಅದು ದೋಷವಲ್ಲ, ರೂಟ್ ಸ್ಕ್ವಾಷ್ ಎಂಬ ರಕ್ಷಣೆ. ಬಿಲ್ಲಿಂಗ್ ಡೇಟಾಬೇಸನ್ನು ಮಾತ್ರ ಇಲ್ಲಿಡದೆ ಅದರ ವಿಎಂ ಡಿಸ್ಕಿನಲ್ಲೇ ಬಿಡಿ.

ಕಕ್ಕಡ ತಿಂಗಳ ಮಳೆಯಲ್ಲಿ ನಮ್ಮಲ್ಲಿ ಕರೆಂಟ್ ಎಷ್ಟು ಸಲ ಹೋಗುತ್ತದೆಂದು ನಿಮಗೇ ಗೊತ್ತು. ವೇಗ ಸಿಗುತ್ತದೆಂದು ಯಾರಾದರೂ ‘ಅಸಿಂಕ್’ ಎಂಬ ಎನ್‌ಎಫ್‌ಎಸ್ ಆಯ್ಕೆ ಹಾಕಲು ಹೇಳಿದರೆ ಕೇಳಬೇಡಿ. ಕರೆಂಟ್ ಹೋದರೆ, ಬರೆದಾಯಿತು ಎಂದು ಸರ್ವರ್ ಹೇಳಿದ ಫೈಲು ಡಿಸ್ಕ್ ಸೇರದೆಯೇ ಹೋಗಬಹುದು. ಯುಪಿಎಸ್ ಇಡಿ, ಇನ್ನೊಂದು ಪ್ರತಿಯನ್ನು ಹೊರಗಿನ ಡಿಸ್ಕಿಗೆ ತೆಗೆದು ಬೇರೆ ಮನೆಯಲ್ಲಿಡಿ.