ಹೆಸರು ಮರೆತರೂ ಮನೆ ಕಥೆ ನೆನಪಿರುವುದು ಯಾಕೆ?

ಪ್ರಶ್ನೆ: ನನಗೆ 46 ವರ್ಷ. ಈಚೆಗೆ ಒಂದು ಮದುವೆಯಲ್ಲಿ ಅತ್ತಿಗೆ ಐದಾರು ಜನರನ್ನು ಒಟ್ಟಿಗೇ ಪರಿಚಯ ಮಾಡಿಸಿದರು. ಊಟಕ್ಕೆ ಕೂರುವಷ್ಟರಲ್ಲಿ ಒಬ್ಬರ ಹೆಸರೂ ನೆನಪಿರಲಿಲ್ಲ. ಆದರೆ ಯಾರಿಗೆ ಯಾರ ಮೇಲೆ ಮುನಿಸು ಅನ್ನೋದೆಲ್ಲ ನೆನಪಿದೆ! ಇದು ಮರೆವಿನ ಕಾಯಿಲೆಯ ಶುರುವೇ?

ಉತ್ತರ: ಇಷ್ಟಕ್ಕೇ ಹೆದರಬೇಡಿ. ಕೇಳಿದ್ದನ್ನು ಕೆಲವು ಸೆಕೆಂಡು ಹಿಡಿದಿಟ್ಟುಕೊಂಡು ಬಳಸುವ ಶಕ್ತಿಗೆ ವರ್ಕಿಂಗ್ ಮೆಮೊರಿ ಎನ್ನುತ್ತಾರೆ. ಅದರಲ್ಲಿ ಜಾಗ ಕಡಿಮೆ. ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ 2001ರಲ್ಲಿ ಹಾಕಿದ ಲೆಕ್ಕ ಸುಮಾರು ನಾಲ್ಕು ವಿಷಯ, ಅಷ್ಟೆ. ಆರು ಹೆಸರು ಒಮ್ಮೆಗೇ ಬಂದರೆ ಏನಾಗಬೇಕು ಹೇಳಿ? ಜೊತೆಗೆ ‘ಈಗ ನಾನೇನು ಮಾತಾಡಲಿ’ ಎಂಬ ಯೋಚನೆಯೂ ಅಲ್ಲೇ ಜಾಗ ಹಿಡಿಯುತ್ತದೆ.

ಹೆಸರಿಗೆ ಇನ್ನೊಂದು ತೊಂದರೆ ಇದೆ. ಅದಕ್ಕೆ ಅಂಟಿಕೊಳ್ಳಲು ಏನೂ ಸಿಗುವುದಿಲ್ಲ. ‘ಇವರು ದೇವಸ್ಥಾನದ ಪೂಜಾರಿ’ ಎಂದರೆ ಗರ್ಭಗುಡಿ, ಗಂಟೆ, ಮಂಗಳಾರತಿ ಎಲ್ಲ ಕಣ್ಣಿಗೆ ಕಟ್ಟುತ್ತವೆ. ‘ಇವರು ಮಿಸ್ಟರ್ ಪೂಜಾರಿ’ ಎಂದರೆ ಸುಮ್ನೆ ಒಂದು ಸದ್ದು. 1987ರಲ್ಲಿ ಬ್ರಿಟನ್ನಿನ ಸಂಶೋಧಕರು ಇಂಥದ್ದನ್ನೇ ಪರೀಕ್ಷಿಸಿದ್ದರು. ಒಂದೇ ಪದವನ್ನು ಕಸುಬು ಎಂದು ಹೇಳಿದಾಗ ಜನ ಸುಲಭವಾಗಿ ನೆನಪಿಟ್ಟುಕೊಂಡರು, ಹೆಸರು ಎಂದಾಗ ಎಡವಿದರು.

ಮುನಿಸಿನ ವಿಷಯ ಇನ್ನೂ ಸ್ವಾರಸ್ಯ. ಸಂಶೋಧಕಿ ಮೇಘನ್ ಮೇಯರ್ ಮತ್ತು ಸಂಗಡಿಗರು 2012ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಮಿದುಳಿನ ಯಾವ ಭಾಗ ದುಡಿಯುತ್ತಿದೆ ಎಂದು ತೋರಿಸುವ ಸ್ಕ್ಯಾನರ್ ಒಳಗಿದ್ದವರಿಗೆ ಅವರದೇ ಎರಡು, ಮೂರು ಅಥವಾ ನಾಲ್ಕು ಗೆಳೆಯರ ಹೆಸರು ತೋರಿಸಿ, ಇವರಲ್ಲಿ ಯಾರು ಹೆಚ್ಚು ತಮಾಷೆಯವರು ಅಂತ ಮನಸ್ಸಿನಲ್ಲೇ ಸಾಲಾಗಿ ಜೋಡಿಸಲು ಹೇಳಿದರು. ಗೆಳೆಯರ ಸಂಖ್ಯೆ ಹೆಚ್ಚಿದಂತೆ ವರ್ಕಿಂಗ್ ಮೆಮೊರಿಯ ಮಾಮೂಲಿ ಭಾಗಗಳು ಜಾಸ್ತಿ ದುಡಿದವು. ಜೊತೆಗೆ, ಇನ್ನೊಬ್ಬರ ಮನಸ್ಸನ್ನು ಊಹಿಸುವಾಗ ಚುರುಕಾಗುವ ಭಾಗಗಳೂ ದುಡಿದವು. ಅಂಕಿಗಳನ್ನೋ ಅಕ್ಷರಗಳನ್ನೋ ನೆನಪಿಡುವ ಕಷ್ಟದ ಕೆಲಸ ಕೊಟ್ಟರೆ ಇದೇ ಭಾಗಗಳು ಸಾಮಾನ್ಯವಾಗಿ ತಣ್ಣಗಾಗುತ್ತವೆ! ನಿಮ್ಮ ಅನುಭವಕ್ಕೆ ಇದೊಂದೇ ಕಾರಣ ಎನ್ನಲಾರೆ. ಆದರೆ ಜನರ ಗುಣ, ಸಂಬಂಧಗಳನ್ನು ಮಿದುಳು ಬರೀ ಪಟ್ಟಿಯಂತೆ ಹಿಡಿಯುವುದಿಲ್ಲ ಅನ್ನೋದು ಸ್ಪಷ್ಟ. ಮೇಲಾಗಿ, ಮುನಿಸಿನ ಕಥೆಗೆ ಕಾರಣ, ಪರಿಣಾಮ ಎಲ್ಲ ಇರುತ್ತದಲ್ವಾ?

ಮೆಮೊರಿ ಆಟದ ಆ್ಯಪ್‌ಗೆ ದುಡ್ಡು ಹಾಕಬೇಡಿ. ಆಡುತ್ತಾ ಆ ಆಟದಲ್ಲಿ ಪಳಗುತ್ತೀರಿ, ಹೊರಗೆ ಅದರ ಲಾಭ ಕಡಿಮೆ. ಒಬ್ಬರ ಹೆಸರು ಕೇಳಿದ ಕೂಡಲೇ ಅದೇ ಹೆಸರು ಹಿಡಿದು ಅವರನ್ನು ಮಾತಾಡಿಸಿ. ಎರಡು ನಿಮಿಷ ಬಿಟ್ಟು ಮನಸ್ಸಿನಲ್ಲೇ ಮತ್ತೊಮ್ಮೆ ನೆನಪಿಸಿಕೊಳ್ಳಿ. ಮರೆತಿದ್ದರೆ ಆಗಲೇ ಕೇಳಿಬಿಡಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ದಿನವೂ ಒಡನಾಡುವವರ ಹೆಸರೇ ಪದೇ ಪದೇ ಮರೆತರೆ, ಗೊತ್ತಿರುವ ದಾರಿ ತಪ್ಪಿದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ.