ಅಪರಿಚಿತರಿಗೆಲ್ಲಾ ಕಾಣೋ ವಾಲೆಟ್, ಹೆಂಡ್ತಿಗೆ ಮಾತ್ರ ಗುಟ್ಟು

ನನ್ನ ಹತ್ರ ಕೌನ್ಸೆಲಿಂಗ್‌ಗೆ ಬಂದ ಒಂದು ದಂಪತಿಯ ಕಥೆ ಇದು, ಬರೆಯೋಕೆ ಅವರ ಒಪ್ಪಿಗೆ ಇದೆ. ಹೆಸರು, ಊರು, ಕೆಲಸ ಎಲ್ಲಾ ತೆಗೆದಿದೀನಿ, ಗುರುತು ಸಿಗಬಹುದಾದ ವಿವರಗಳನ್ನ ಬದಲಾಯಿಸಿದೀನಿ.

ಆತನಿಗೆ ಮೂವತ್ತರ ಆಸುಪಾಸು, ಕೆಲಸದ ಜೊತೆಗೆ ಕ್ರಿಪ್ಟೋ (ಬಿಟ್‌ಕಾಯಿನ್ ಥರದ ಡಿಜಿಟಲ್ ಹಣ) ವ್ಯವಹಾರ. ಬಂದಿದ್ದು ನಿದ್ದೆ ಬರ್ತಿಲ್ಲ ಅಂತ. ಮಧ್ಯರಾತ್ರಿ ಎದ್ದು ಫೋನ್ ನೋಡೋದು, ಚಿಲಕ ಹಾಕಿದೀನಾ ಅಂತ ಮತ್ತೆ ಮತ್ತೆ ಹೋಗಿ ನೋಡೋದು, ಕಾಲಿಂಗ್ ಬೆಲ್ ಆದ್ರೆ ಎದೆ ಡವಡವ. ಬೆಲೆ ಬಿದ್ದಿರಬೇಕು ಅನ್ಕೊಂಡೆ, ಆದ್ರೆ ಆ ವರ್ಷ ಆತನಿಗೆ ಲಾಭಾನೇ ಆಗಿತ್ತು. ಕಾರಣ ಒಂದು ಮೆಸೇಜ್. ಯಾರೋ ಆತನ ಕ್ರಿಪ್ಟೋ ಇಟ್ಟಿರೋ ವಾಲೆಟ್‌ನಲ್ಲಿ ಎಷ್ಟಿದೆ ಅಂತ ಕರೆಕ್ಟಾಗಿ ಬರೆದು, ಕೆಳಗೆ ಮನೆ ಇರೋ ರಸ್ತೆಯ ಹೆಸರು ಹಾಕಿ, ಇಷ್ಟು ಕಳಿಸು ಅಂದಿದ್ರು.

ಹ್ಯಾಕ್ ಏನೂ ಆಗಿರಲಿಲ್ಲ. ತನ್ನ ಎಥೀರಿಯಂ (ಒಂದು ಕ್ರಿಪ್ಟೋ) ಅಡ್ರೆಸ್ಸನ್ನ, ಅಂದ್ರೆ ಖಾತೆ ಸಂಖ್ಯೆ ಥರದ ಗುರುತನ್ನ, ಆತ ತಾನೇ ಪ್ರೊಫೈಲ್‌ನಲ್ಲಿ ಹಾಕ್ಕೊಂಡಿದ್ದ, ಲಾಭದ ಸ್ಕ್ರೀನ್‌ಶಾಟ್ ಹಾಕ್ತಿದ್ದ, ಅದನ್ನ ನೋಡಿ ಜನ ಆತನ ರೆಫರಲ್ ಲಿಂಕ್‌ನಿಂದ ಸೇರ್ತಿದ್ರು, ಕಮಿಷನ್ ಬರ್ತಿತ್ತು. ಕ್ರಿಪ್ಟೋ ಅಂದ್ರೆ ಗುಟ್ಟು ಅಂತ ತುಂಬಾ ಜನ ನಂಬಿದಾರೆ, ಆದ್ರೆ ಬಿಟ್‌ಕಾಯಿನ್, ಎಥೀರಿಯಂ ಎರಡರಲ್ಲೂ ಲೆಕ್ಕದ ಪುಸ್ತಕ ಎಲ್ಲರಿಗೂ ತೆರೆದೇ ಇರುತ್ತೆ, ಅಡ್ರೆಸ್ ಯಾರದ್ದು ಅಂತ ಗೊತ್ತಾಗೋ ತನಕ ಮಾತ್ರ ರಕ್ಷಣೆ. ಪ್ರತಿ ವ್ಯವಹಾರಕ್ಕೂ ಹೊಸ ಕೀ (ಅಂದ್ರೆ ಹೊಸ ಅಡ್ರೆಸ್) ಬಳಸಿ ಅಂತ ಬಿಟ್‌ಕಾಯಿನ್ ಸೃಷ್ಟಿಸಿದ ಸತೋಶಿ ನಕಮೋಟೋ 2008ರ ಪೇಪರ್‌ನಲ್ಲೇ ಹೇಳಿದ್ದಾರೆ.

ಇದು ಆತನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ರೂ ಯಾಕೆ ಹೀಗೆ ಅಂತ ಕೇಳಿದಾಗ ಏರ್‌ಡ್ರಾಪ್, ಅಂದ್ರೆ ಬಳಕೆದಾರರಿಗೆ ಪುಕ್ಕಟೆ ಡಿಜಿಟಲ್ ನಾಣ್ಯ (ಟೋಕನ್) ಹಂಚೋದರ ಬಗ್ಗೆ ಹೇಳಿದ. 2020ರ ಸೆಪ್ಟೆಂಬರ್‌ನಲ್ಲಿ ಯುನಿಸ್ವಾಪ್ ಅನ್ನೋ ಕ್ರಿಪ್ಟೋ ವಿನಿಮಯ ತಾಣ, ಮೊದಲು ತನ್ನನ್ನ ಬಳಸಿದ್ದ ಅಡ್ರೆಸ್‌ಗಳಿಗೆ ತಲಾ 400 ಟೋಕನ್ ಪುಕ್ಕಟೆ ಕೊಡ್ತು, ಆಮೇಲೆ ಹಳೇ ಅಡ್ರೆಸ್, ಉದ್ದನೆಯ ಹಿಸ್ಟರಿ ಇದ್ದವರಿಗೆ ಬಹುಮಾನ ಅನ್ನೋದು ಎಲ್ಲರ ತಲೇಲೂ ಕೂತ್ಬಿಡ್ತು. ಹಣ ಹಂಚ್ಕೊಂಡು ಹತ್ತು ಅಡ್ರೆಸ್ ಮಾಡ್ಕೊಂಡ್ರೆ ಒಬ್ಬನೇ ಹಲವರ ವೇಷ ಹಾಕಿದಾನೆ ಅಂತ ಪಟ್ಟಿಯಿಂದ ತೆಗೀತಾರೆ, 2023ರಲ್ಲಿ ಆರ್ಬಿಟ್ರಮ್ ಅನ್ನೋ ಕ್ರಿಪ್ಟೋ ನೆಟ್‌ವರ್ಕ್‌ನ ಟೋಕನ್ ಹಂಚಿಕೆಯಲ್ಲೂ ಇಂಥ ಸೋಸುವಿಕೆ ಆಗಿತ್ತು. ಅಂದ್ರೆ ಲಾಭ ಬೇಕಾದ್ರೆ ಎಲ್ಲಾ ಒಂದೇ ಕಡೆ ಕಾಣೋ ಹಾಗೆ ಇಡಬೇಕು, ಸುರಕ್ಷಿತವಾಗಿ ಇರಬೇಕಾದ್ರೆ ಅದರ ಉಲ್ಟಾ ಮಾಡಬೇಕು. ಆತ ಪ್ರತಿ ಸಲ ಲಾಭವನ್ನೇ ಆರಿಸ್ಕೊಂಡಿದ್ದ, ಒಂದೊಂದೂ ಆ ಕ್ಷಣಕ್ಕೆ ಚಿಕ್ಕ ತೀರ್ಮಾನ.

ಮನೆ ವಿಳಾಸ ಎಲ್ಲಿಂದ ಹೋಯ್ತು ಅನ್ನೋದು ಗೊತ್ತಾಗಲಿಲ್ಲ. ಇಂಥ ಸೋರಿಕೆ ಹೊಸದೇನಲ್ಲ, ಲೆಡ್ಜರ್ ಕಂಪನಿಯ ಹಾರ್ಡ್‌ವೇರ್ ವಾಲೆಟ್ (ಕ್ರಿಪ್ಟೋದ ಕೀ ಇಡೋ ಚಿಕ್ಕ ಸಾಧನ) ಕೊಂಡಿದ್ದ ಸುಮಾರು 2 ಲಕ್ಷ 72 ಸಾವಿರ ಜನರ ಹೆಸರು, ವಿಳಾಸ, ಫೋನ್ ನಂಬರ್ 2020ರಲ್ಲಿ ಹೊರಗೆ ಬಿದ್ದು, ಅವರಲ್ಲಿ ಎಷ್ಟೋ ಜನರಿಗೆ ಬೆದರಿಕೆ ಬಂದಿತ್ತು. ಹಾಗಾಗಿ ಆತನ ಭಯಾನ ಭ್ರಮೆ ಅಂತ ನಾನು ತಳ್ಳಿಹಾಕಲಿಲ್ಲ.

ಆಮೇಲೆ ಕೇಳ್ದೆ, ನಿಮ್ಮ ಹೆಂಡ್ತಿಗೆ ಗೊತ್ತಾ? ಇಲ್ಲ, ಅದು ನನ್ನ ಪ್ರೈವಸಿ ಅಂದ.

ಇಡೀ ಪ್ರಕರಣ ಇಲ್ಲೇ ಇತ್ತು. ಶುರುವಲ್ಲಿ ಇಬ್ಬರ ಉಳಿತಾಯದಿಂದ ತೆಗೆದ ದುಡ್ಡು ಮುಳುಗಿತ್ತು, ಮೊದಲು ತುಂಬಿಸಿ ಆಮೇಲೆ ಹೇಳೋಣ ಅನ್ಕೊಂಡ, ಲಾಭ ಬಂದ ಮೇಲೆ ಅದನ್ನ ಹೇಳಬೇಕಾದ್ರೆ ಹಳೇ ನಷ್ಟಾನೂ ಹೇಳಬೇಕಲ್ಲ, ಹಾಗಾಗಿ ಎರಡೂ ಹೇಳಲಿಲ್ಲ. ಸಾವಿರಾರು ಅಪರಿಚಿತರಿಗೆ ಗೊತ್ತಿದ್ದ ಲೆಕ್ಕ ಮನೆಯಲ್ಲಿದ್ದ ಒಬ್ಬರಿಗೆ ಗೊತ್ತಿರಲಿಲ್ಲ. ನಾನು ಆತನಿಗೆ ಹೇಳಿದ್ದು ಇಷ್ಟು: ಗೊತ್ತಾದ್ರೆ ನಿಮಗೆ ಕೇಡು ಮಾಡೋರಿಂದ ಮುಚ್ಚಿಡೋದು ನಿಮ್ಮ ಹಕ್ಕು, ಆ ದುಡ್ಡಲ್ಲಿ ಪಾಲಿರೋರಿಂದ ಮುಚ್ಚಿಡೋದು ಬೇರೆ ವಿಷಯ. ಬೆಲ್ ಆದಾಗ ಬಾಗಿಲು ತೆಗೆಯೋದು ಅವರೂ ಅಲ್ವಾ? 2025ರ ಜನವರಿಯಲ್ಲಿ ಫ್ರಾನ್ಸ್‌ನಲ್ಲಿ ಅದೇ ಲೆಡ್ಜರ್‌ನ ಸಹಸ್ಥಾಪಕರೊಬ್ಬರ ಜೊತೆ ಅವರ ಸಂಗಾತಿಯನ್ನೂ ಅಪಹರಿಸಿದ್ರು, ಪೊಲೀಸರು ಇಬ್ಬರನ್ನೂ ಬಿಡಿಸಿದ್ರು. ಹೆದರಿಸೋಕೆ ಹೇಳಲಿಲ್ಲ, ಅಪಾಯದಲ್ಲಿ ಪಾಲು ಇರೋರಿಗೆ ಅದರ ಸುದ್ದಿಯಾದ್ರೂ ಸಿಗಬೇಕು. ಆತ ಅವತ್ತು ತುಂಬಾ ಹೊತ್ತು ಅತ್ತ.

ಎಲ್ಲಾನೂ ತಕ್ಷಣ ಮೊನೆರೋ ಅನ್ನೋ ಇನ್ನೊಂದು ಕ್ರಿಪ್ಟೋಗೆ ಹಾಕ್ಬಿಡ್ತೀನಿ, ಯಾರಿಗೂ ಕಾಣಲ್ಲ ಅಂತ ಆತನ ಯೋಚನೆ ಇತ್ತು. ಮೊನೆರೋದಲ್ಲಿ ಕಳಿಸಿದವರು, ಪಡೆದವರು, ಮೊತ್ತ ಮೂರೂ ಮುಚ್ಚಿರುತ್ತೆ ನಿಜ, ಆದ್ರೆ ದೊಡ್ಡ ಎಕ್ಸ್‌ಚೇಂಜ್‌ಗಳು (ಕ್ರಿಪ್ಟೋ ಕೊಂಡು ಮಾರೋ ತಾಣಗಳು) ಅದನ್ನ ಕೈಬಿಡ್ತಾ ಬಂದಿವೆ, 2024ರ ಫೆಬ್ರವರಿಯಲ್ಲಿ ಅವುಗಳಲ್ಲೊಂದಾದ ಬೈನಾನ್ಸ್ ತೆಗೆದುಹಾಕ್ತು, ನಾಳೆ ವಾಪಸ್ ಹಣ ಮಾಡೋದು ಕಷ್ಟ ಆಗಬಹುದು. ತಂತ್ರಜ್ಞಾನದ ಸರಿತಪ್ಪು ನಾನು ಹೇಳಲ್ಲ, ಆದ್ರೆ ನಿದ್ದೆ ಇಲ್ಲದ ವಾರದಲ್ಲಿ ಉಳಿತಾಯ ಪೂರ್ತಿ ಎತ್ತಿ ಬೇರೆ ಕಡೆ ಹಾಕಬೇಡಿ ಅಂತ ಗಟ್ಟಿಯಾಗಿ ಹೇಳ್ದೆ.

ಕೊಟ್ಟ ಸಲಹೆ ಹೀಗಿತ್ತು. ಮೆಸೇಜ್‌ಗೆ ಉತ್ತರ ಬೇಡ, ಹಣ ಬೇಡ, ಡಿಲೀಟೂ ಬೇಡ, ಉಳಿಸ್ಕೊಂಡು ಪೊಲೀಸರಿಗೆ ದೂರು ಕೊಡಿ. ಪ್ರೊಫೈಲ್‌ನಿಂದ ಅಡ್ರೆಸ್ ತೆಗೀರಿ, ಹಳೇ ವ್ಯವಹಾರ ಆ ತೆರೆದ ಲೆಕ್ಕದ ಪುಸ್ತಕದಿಂದ ಅಳಿಸೋಕಾಗಲ್ಲ ಅನ್ನೋದನ್ನ ಒಪ್ಕೊಳ್ಳಿ, ಇವತ್ತಿಂದ ಏನು ಕಾಣಬೇಕು ಅನ್ನೋದು ಮಾತ್ರ ನಿಮ್ಮ ಕೈಲಿದೆ. ಉಳಿತಾಯಕ್ಕೆ ಹೊಸ ಅಡ್ರೆಸ್ ಇರಲಿ, ಹಳೇದರಿಂದ ನೇರವಾಗಿ ಕಳಿಸಿದ್ರೆ ಆ ಕೊಂಡಿ ಎಲ್ಲರಿಗೂ ಕಾಣುತ್ತೆ, ಆದ್ದರಿಂದ ನಂಬಿಕಸ್ತ ತಜ್ಞರನ್ನ ಕೇಳಿ ಮಾಡಿ, ಎರಡು ಕೀ (ಹಣ ತೆಗೆಯೋಕೆ ಬೇಕಾದ ಗುಪ್ತ ಸಂಖ್ಯೆ) ಸೇರಿದ್ರೆ ಮಾತ್ರ ಹಣ ಹೋಗೋ ಹಾಗೆ ಇಡಬಹುದಾ ಅಂತಾನೂ ಕೇಳಿ. ತೆರಿಗೆಯ ಲೆಕ್ಕ ಸಾಫಾಗಿರಲಿ, ಅಲ್ಲಿ ಗುಟ್ಟು ಮಾಡಿದ್ರೆ ಇನ್ನೊಂದು ಭಯ ಹುಟ್ಟುತ್ತೆ. ರಾತ್ರಿ ಫೋನ್ ಬೇರೆ ರೂಮಲ್ಲಿ. ಹೆಂಡ್ತಿಗೆ ಒಂದೇ ಸಲ ಕೂತು ನಷ್ಟದಿಂದ ಶುರು ಮಾಡಿ ಎಲ್ಲಾ ಅಂಕಿ ಹೇಳಿ, ಕಂತು ಕಂತಾಗಿ ಹೇಳಬೇಡಿ.

ಇದೆಲ್ಲಾ ಮಾಡಿದ್ರೆ ಏರ್‌ಡ್ರಾಪ್ ತಪ್ಪಿ ಎಷ್ಟು ಲಾಸ್ ಆಗುತ್ತೆ ಅಂತ ಕೇಳಿದ. ಆಗುತ್ತೆ, ಆಗಲಿ, ಅದನ್ನ ಸುರಕ್ಷತೆಯ ಖರ್ಚು ಅಂತ ಬರೆದುಕೊಳ್ಳಿ ಅಂದೆ.

ಮುಂದಿನ ಸೆಷನ್‌ಗೆ ಇಬ್ಬರೂ ಬಂದ್ರು. ರಾತ್ರಿಯೆಲ್ಲಾ ಫೋನ್ ನೋಡ್ತಿದ್ದಕ್ಕೆ ಆಕೆ ಬೇರೆ ಸಂಬಂಧ ಇರಬೇಕು ಅನ್ಕೊಂಡಿದ್ರಂತೆ. ಲಾಭ ನಷ್ಟದ ಲೆಕ್ಕ ಪೂರ್ತಿ ಕೇಳಿಸ್ಕೊಂಡು ಆಕೆ ಮೊದಲು ಕೇಳಿದ್ದು, ಯಾವ ಪೋಸ್ಟಲ್ಲಿ ನಮ್ಮನೆ ಕಾಣುತ್ತೆ ತೋರಿಸಿ ಅಂತ. ಇಬ್ಬರೂ ಅಲ್ಲೇ ಕೂತು ಒಂದೊಂದಾಗಿ ತೆಗೆದ್ರು, ಮಧ್ಯದಲ್ಲಿ ಜಗಳಾನೂ ಆಯ್ತು, ನಾನು ತಡೀಲಿಲ್ಲ. ಉಳಿತಾಯದ ಎರಡನೇ ಕೀ ಈಗ ಆಕೆ ಹತ್ರ ಇದೆ. ರೆಫರಲ್ ಅಕೌಂಟ್ ಮುಚ್ಚಬೇಕು ಅಂತ ಆಕೆ, ಕಮಿಷನ್ ಬಿಡೋಕೆ ಮನಸ್ಸಿಲ್ಲ ಅಂತ ಆತ. ಅದಿನ್ನೂ ತೀರ್ಮಾನ ಆಗಿಲ್ಲ, ಅದರ ಬಗ್ಗೆ ಮಾತಾಡೋಕೆ ಮತ್ತೆ ಬರ್ತಾರೆ.