ಡೊಂಬಿವಲಿಯಲ್ಲಿ ಮಗಳು ಕರಾಟೆ ಕ್ಲಾಸ್ ಸೇರಿದ್ದಾಳೆ, ಎಂಥ ಡ್ರೆಸ್ ಕೊಳ್ಳಲಿ?

ಹೊಸಬರಿಗೆ 8 ಔನ್ಸಿನ (ಒಂದು ಚದರ ಗಜ ಬಟ್ಟೆಯ ತೂಕ) ತೆಳು ಬಟ್ಟೆ ಸಾಕು. 12 ಔನ್ಸಿನದು ಗಟ್ಟಿ, ಪಂಚ್ ಹೊಡೆದರೆ ಪಟ್ ಅಂತ ಸದ್ದೂ ಬರುತ್ತದೆ. ಆದರೆ ಇಲ್ಲಿನ ಮಳೆಗಾಲದಲ್ಲಿ ಅದು ಒಣಗುವುದು ಯಾವಾಗ? ಪೂರ್ತಿ ಕಾಟನ್ ಒಗೆದ ಮೇಲೆ ಕುಗ್ಗುತ್ತದೆ, ತೋಳು ಒಂದೆರಡು ಬೆರಳು ಉದ್ದವೇ ಇರಲಿ. ಪಾಲಿಯೆಸ್ಟರ್ ಮಿಕ್ಸ್ ಬೇಗ ಒಣಗುತ್ತದೆ, ಬೆವರು ಮಾತ್ರ ಅಷ್ಟು ಹೀರುವುದಿಲ್ಲ.

ಮುಂಬೈಯ ಧೋಬಿ ತಲಾವ್ ಕಡೆಯ ಸ್ಪೋರ್ಟ್ಸ್ ಅಂಗಡಿಗಳಿಗೆ ಹೋದರೆ ಪ್ಯಾಂಟನ್ನು ಒಳಮಗ್ಗುಲು ತಿರುಗಿಸಿ ನೋಡಿ. ತೊಡೆ ಸೇರುವಲ್ಲಿ ಬೇರೆ ಬಟ್ಟೆತುಂಡು ಕೂರಿಸಿ, ಎರಡು ಸಾಲು ಹೊಲಿಗೆ ಹಾಕಿರಬೇಕು. ಇಲ್ಲದಿದ್ದರೆ ಹೈ ಕಿಕ್‌ಗೆ ಚರ್ ಅಂದೀತು! ಜೂಡೋ ಕೋಟು ಸುಮ್ನೆ ತರಬೇಡಿ, ಅದು ಹಿಡಿದೆಳೆಯಲಿ ಅಂತಲೇ ದಪ್ಪಗೆ ನೇಯ್ದದ್ದು. ಕ್ಲಾಸಿನ ಬ್ಯಾಡ್ಜ್ ಇರುವ ಡ್ರೆಸ್ಸೇ ಆಗಬೇಕಾ ಅಂತ ಸರ್ ಹತ್ತಿರ ಮೊದಲೇ ಕೇಳಿಬಿಡಿ.